ಕಟ್ಟಡದ ಚಿತ್ರಕ್ಕೆ ಅಂಚು ಎಲ್ಲಿ?

ಮಾನ್ಯ ಅಧ್ಯಕ್ಷರೇ, ಮಾಟುಂಗದ ಕನ್ನಡ ಬಂಧುಗಳೇ,

ಊರಿನಿಂದ ನೆಂಟರು ಬಂದಾಗ ಅವರನ್ನು ನಮ್ಮ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದ ಎದುರು ನಿಲ್ಲಿಸಿ ಚಿತ್ರ ತೆಗೆಯದವರು ನಮ್ಮಲ್ಲಿ ಕಡಿಮೆ. ನಾನು ಇಂದು ಮಾತಾಡಲು ಬಂದಿರುವುದು ತೆಗೆಯುವ ಕೆಲಸದ ಬಗ್ಗೆ ಅಲ್ಲ. ತೆಗೆದ ಮೇಲೆ ಮನೆಯಲ್ಲಿ ಕುಳಿತು ಕ್ರಾಪ್ ಮಾಡುವಾಗ ಚಿತ್ರದ ನಾಲ್ಕು ಅಂಚುಗಳನ್ನು ಎಲ್ಲಿಗೆ ತಂದು ನಿಲ್ಲಿಸಬೇಕು ಎಂಬ ನಿರ್ಧಾರದ ಬಗ್ಗೆ. ಮನುಷ್ಯರ ಚಿತ್ರವನ್ನು ಎದೆಮಟ್ಟಕ್ಕೆ ಕತ್ತರಿಸಿದರೂ ನೋಡುವವರು ಉಳಿದ ದೇಹವನ್ನು ತಾವೇ ಊಹಿಸಿಕೊಳ್ಳುತ್ತಾರೆ. ಕಟ್ಟಡದ ವಿಷಯದಲ್ಲಿ ಆ ಊಹೆ ನಡೆಯುವುದಿಲ್ಲ, ಏಕೆಂದರೆ ಅಂಚಿನಾಚೆ ಇನ್ನು ಎರಡು ಕಮಾನುಗಳಿವೆಯೋ ಇಪ್ಪತ್ತಿವೆಯೋ ಎಂಬುದು ಚಿತ್ರವನ್ನು ಮಾತ್ರ ಕಂಡವರಿಗೆ ತಿಳಿಯುವಂತಿಲ್ಲ.

ಟರ್ಮಿನಸ್ಸನ್ನೇ ತೆಗೆದುಕೊಳ್ಳೋಣ. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ರೂಪಿಸಿದ, 1878ರಲ್ಲಿ ಕೆಲಸ ಆರಂಭವಾಗಿ ಹತ್ತು ವರ್ಷ ಹಿಡಿದ ಕಟ್ಟಡ ಅದು. ಅದರ ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ ಕುಳಿತಿವೆ. ಸಿಂಹ ಬ್ರಿಟನ್ನಿನ ಸಂಕೇತ, ಹುಲಿ ಭಾರತದ್ದು. ಒಮ್ಮೆ ನನ್ನ ಚಿತ್ರದ ಒಂದು ಬದಿಯಲ್ಲಿ ಕೆಂಪು ಬಸ್ಸೊಂದು ಅರ್ಧ ನುಗ್ಗಿತ್ತು. ಅದು ಕಣ್ಣಿಗೆ ಚುಚ್ಚುತ್ತದೆಂದು ಆ ಬದಿಯ ಅಂಚನ್ನು ಒಳಕ್ಕೆ ಸರಿಸಿದೆ, ಬಸ್ಸಿನ ಜೊತೆಗೆ ಹುಲಿಯೂ ಹೋಯಿತು. ಸಿಂಹವೊಂದೇ ಉಳಿದ ಆ ಚಿತ್ರವನ್ನು ಎರಡು ದಿನ ಗೋಡೆಗೆ ಒರಗಿಸಿ ನೋಡಿದ ಮೇಲೆ ನಾನು ಮಾಡಿದ್ದೇನೆಂದು ನನಗೆ ಹೊಳೆಯಿತು: ಜೋಡಿಯಾಗಿಯೇ ಅರ್ಥ ಕೊಡುವ ಎರಡು ಶಿಲ್ಪಗಳನ್ನು ಒಂದು ಬಸ್ಸಿನ ಸಲುವಾಗಿ ಅಗಲಿಸಿದ್ದೆ. ಬಸ್ಸನ್ನು ವಾಪಸು ಕರೆದುಕೊಂಡೆ.

ಮೇಲಿನ ಅಂಚಿನ ಅಪಾಯ ಬೇರೆ ತರಹದ್ದು. ಈ ಕಟ್ಟಡದ ಗುಮ್ಮಟದ ತುದಿಯಲ್ಲಿ ಪ್ರಗತಿಯನ್ನು ಪ್ರತಿನಿಧಿಸುವ ಸ್ತ್ರೀವಿಗ್ರಹವಿದೆ, ಎತ್ತಿದ ಕೈಯಲ್ಲಿ ಪಂಜು. ಪಂಜಿನ ಮೇಲೆ ಕೂದಲೆಳೆಯಷ್ಟು ಆಕಾಶ ಬಿಟ್ಟು ಕ್ರಾಪ್ ಮಾಡಿ, ಪ್ರಿಂಟ್ ತೆಗೆಸಿ ಫ್ರೇಮ್ ಹಾಕುವ ಅಂಗಡಿಗೆ ಕೊಟ್ಟೆ. ಪ್ರಿಂಟಿನ ಸುತ್ತ ಕೂರಿಸುವ ಮೌಂಟು ಪ್ರತಿ ಬದಿಯಲ್ಲೂ ಒಂದಿಷ್ಟು ಭಾಗವನ್ನು ಮುಚ್ಚುತ್ತದೆ ಎಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಪಂಜು ಮೌಂಟಿನ ಕೆಳಗೆ ಸೇರಿಹೋಯಿತು. ಗೋಪುರಕ್ಕೆ ಕಳಸ ಹೇಗೋ ಅಲ್ಲಿ ಆ ಪಂಜು ಹಾಗೆ. ಅಂದಿನಿಂದ ತುದಿಯ ಮೇಲೆ ಧಾರಾಳವಾಗಿ ಜಾಗ ಬಿಡುತ್ತೇನೆ.

ಎತ್ತರದ ಕಟ್ಟಡಕ್ಕೆ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ತುದಿಯಲ್ಲಿ ಒಂದರತ್ತ ಒಂದು ವಾಲುತ್ತವೆ. ಅದನ್ನು ಕಂಪ್ಯೂಟರಿನಲ್ಲಿ ನೇರ ಮಾಡಬಹುದು, ಆದರೆ ನೇರ ಮಾಡುವಾಗ ಚಿತ್ರದ ಬದಿಗಳು ಕಳೆಯುತ್ತವೆ. ಮೊದಲೇ ಬಿಗಿಯಾಗಿ ತೆಗೆದಿದ್ದರೆ ಕಟ್ಟಡದ ಭುಜವೇ ಹೋಗುತ್ತದೆ. ನಾನು ಹಿಡಿದಿರುವ ದಾರಿ ಇನ್ನೊಂದು: ಅಗಲ ನೋಟದ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಓರೆ ಮಾಡದೆ ಮಟ್ಟವಾಗಿಟ್ಟು, ಚಿತ್ರದ ಕೆಳಭಾಗದಲ್ಲಿ ತುಂಬುವ ಖಾಲಿ ರಸ್ತೆಯನ್ನು ಆಮೇಲೆ ಕತ್ತರಿಸುವುದು. ಗೋಡೆ ನೇರವಾಗಿಯೇ ನಿಲ್ಲುತ್ತದೆ. ಇದಕ್ಕೆ ಬೆಲೆ ಪಿಕ್ಸೆಲ್‌ಗಳಲ್ಲಿ ತೆರಬೇಕು. 4000ಕ್ಕೆ 6000 ಪಿಕ್ಸೆಲ್‌ಗಳ ಚಿತ್ರದಲ್ಲಿ ಕೆಳಗಿನ ಮೂರನೇ ಒಂದು ಭಾಗ ತೆಗೆದರೆ 4000ಕ್ಕೆ 4000 ಉಳಿಯುತ್ತದೆ. ಇಂಚಿಗೆ 300 ಪಿಕ್ಸೆಲ್‌ಗಳ ಲೆಕ್ಕದಲ್ಲಿ ಅದು 13 ಇಂಚಿನ ಪ್ರಿಂಟಿಗೆ ಸಾಕು.

ಉದ್ದವೋ ಅಡ್ಡವೋ ಎಂಬುದನ್ನು ಕಟ್ಟಡವೇ ಹೇಳುತ್ತದೆ. 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಓವಲ್ ಮೈದಾನದ ಆಸುಪಾಸಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪೂರ್ವದಲ್ಲಿ ರಾಜಾಬಾಯಿ ಗೋಪುರ, ಸುಮಾರು 85 ಮೀಟರ್, ಉದ್ದುದ್ದ ಬೇಡುತ್ತದೆ. ಪಶ್ಚಿಮದ ಆರ್ಟ್ ಡೆಕೊ ಎಂಬ ಶೈಲಿಯ ಮನೆಗಳ ಬಾಲ್ಕನಿಗಳೂ ಛಜ್ಜಾಗಳೂ ಅಡ್ಡಗೆರೆಗಳಾಗಿ ಹರಿಯುತ್ತವೆ, ಅವನ್ನು ಮೊಬೈಲಿನ ಚೌಕಕ್ಕೆ ತುರುಕಿದರೆ ಆ ಹರಿವು ನಿಂತುಹೋಗುತ್ತದೆ. ಕತ್ತರಿಸಲೇಬೇಕಾದರೆ ಎರಡು ಮನೆಗಳ ನಡುವಿನ ಸಂದಿನಲ್ಲಿ ಕತ್ತರಿಸಿ, ಕಿಟಕಿಯ ಮಧ್ಯದಲ್ಲಿ ಬೇಡ.

ಕೆಳಗಿನ ಅಂಚಿನ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಆಕಾಶವನ್ನು ಎಷ್ಟು ಬೇಕಾದರೂ ಕಡಿಮೆ ಮಾಡೋಣ, ಆದರೆ ಕಟ್ಟಡ ನೆಲ ಮುಟ್ಟುವ ಗೆರೆಯನ್ನು ತೀರಾ ಅನಿವಾರ್ಯವಾದರೆ ಮಾತ್ರ ಕತ್ತರಿಸೋಣ. ಫುಟ್‌ಪಾತಿನ ವ್ಯಾಪಾರಿ, ಟ್ಯಾಕ್ಸಿ, ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರು, ಎಲ್ಲರನ್ನೂ ತೆಗೆದ ಚಿತ್ರ ಚೊಕ್ಕಟವಾಗಿರುತ್ತದೆ ನಿಜ. ಆದರೆ ಆ 85 ಮೀಟರನ್ನು ಅಳೆಯಲು ನೋಡುವವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬ್ಯಾಟು ಎತ್ತಿದ ಒಬ್ಬ ಹುಡುಗನಿದ್ದರೆ ಸಾಕು, ಗೋಪುರ ತನ್ನ ಎತ್ತರಕ್ಕೆ ನಿಲ್ಲುತ್ತದೆ.

ಟರ್ಮಿನಸ್ಸಿನ ಎರಡು ಪ್ರಿಂಟುಗಳನ್ನೂ ತಂದಿದ್ದೇನೆ, ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಬಸ್ಸಿರುವ ಚಿತ್ರ ಕೈಗೆ ಬಂದಾಗ ಮೊದಲು ಹುಲಿಯನ್ನು ನೋಡಿ.