ಐದು ಗ್ರಾಂ ಗಾಳಿಯ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ಸಬ್‌ವೂಫರನ್ನು, ಅಂದರೆ ಮಂದ್ರಸ್ವರಗಳಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆಯನ್ನು, ಸ್ವತಃ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಡ್ರೈವರ್, ಅಂದರೆ ಸದ್ದು ಹೊರಡಿಸುವ ಕೋನಿರುವ ಬಿಡಿ ಸ್ಪೀಕರ್, ಕೊಳ್ಳುತ್ತಾರೆ, ಆಮೇಲೆ ಹಲಗೆ ಕೊಯ್ಯುತ್ತಾರೆ, ಪೆಟ್ಟಿಗೆಯ ಗಾಳಿ ಒಳಗೂ ಹೊರಗೂ ಓಡಾಡುವ ಕೊಳವೆಯ ಯೋಚನೆ ಕೊನೆಗೆ ಬರುತ್ತದೆ. ನಾನೂ ನನ್ನ ಮೊದಲ ಪೆಟ್ಟಿಗೆಯನ್ನು ಹಾಗೆಯೇ ಕಟ್ಟಿದ್ದೆ. 50 ಲೀಟರಿನ ಪೆಟ್ಟಿಗೆ, 25 ಸೆಂಟಿಮೀಟರಿನ ಡ್ರೈವರ್, ಕೈಗೆ ಸಿಕ್ಕಿದ್ದ 5 ಸೆಂಟಿಮೀಟರ್ ವ್ಯಾಸದ ಪ್ಲಾಸ್ಟಿಕ್ ಕೊಳವೆಯ ಗೇಣುದ್ದಕ್ಕೂ ಕಡಿಮೆಯಾದ ಒಂದು ತುಂಡು. ಟ್ಯೂನಿಂಗ್, ಅಂದರೆ ಪೆಟ್ಟಿಗೆ ಮತ್ತು ಕೊಳವೆಯ ಗಾಳಿ ತಾನಾಗಿ ತೂಗಾಡುವ ಆವೃತ್ತಿ, 30 ಹರ್ಟ್ಸ್‌ಗೆ, ಎಂದರೆ ಸೆಕೆಂಡಿಗೆ 30 ಕಂಪನಕ್ಕೆ, ಲೆಕ್ಕದಂತೆಯೇ ಕೂತಿತ್ತು. ಆದರೆ ಧ್ವನಿ ಸ್ವಲ್ಪ ಏರಿಸಿದೊಡನೆ ಕೊಳವೆಯ ಬಾಯಿಯಿಂದ ಬುಸುಗುಟ್ಟುವ ಸದ್ದು ಹೊರಟು, ಮಂದ್ರಸ್ವರವನ್ನೆಲ್ಲ ನುಂಗಿಹಾಕಿತು. ಲೆಕ್ಕ ಸರಿಯಿದ್ದೂ ಪೆಟ್ಟಿಗೆ ಏಕೆ ಕೆಟ್ಟಿತು ಎಂಬುದನ್ನು ತಿಳಿಯಲು ಹೊರಟಾಗಲೇ ಈ ವಿದ್ಯೆಯ ತಿರುಳು ನನಗೆ ಅರ್ಥವಾದದ್ದು.

ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಹಿಂದೆ ಅಷ್ಟೇ ಗಾಳಿಯನ್ನು ಎಳೆಯುತ್ತದೆ. ಇವೆರಡೂ ಬೆರೆತರೆ ಕೆಳಸ್ವರಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಆದ್ದರಿಂದಲೇ ಪೆಟ್ಟಿಗೆ ಬೇಕು. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಹಿಂದಿನ ಶಕ್ತಿ ವ್ಯರ್ಥವಾಗುತ್ತದೆ. ಅದನ್ನೇ ಕೊಳವೆಯ ಮೂಲಕ ಹೊರಗೆ ತಂದು ದುಡಿಸಿಕೊಳ್ಳುವ ದಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ತುರಾಸ್ 1932ರಲ್ಲಿ ಪೇಟೆಂಟ್ ಪಡೆದರು. ಕೊಳವೆಯ ಬದಲು ಸುರುಳಿಯೂ ಅಯಸ್ಕಾಂತವೂ ಇಲ್ಲದ ಇನ್ನೊಂದು ಕೋನನ್ನು ಕೂರಿಸುವ ಉಪಾಯಕ್ಕೆ ಅಮೆರಿಕದ ಎಂಜಿನಿಯರ್ ಹ್ಯಾರಿ ಓಲ್ಸನ್ 1935ರಲ್ಲಿ ಪೇಟೆಂಟ್ ಪಡೆದರು; ಅದನ್ನೇ ಇಂದು ಪ್ಯಾಸಿವ್ ರೇಡಿಯೇಟರ್ ಎನ್ನುತ್ತೇವೆ. ಆದರೂ ಅಂದಾಜಿನಲ್ಲಿ ನಡೆಯುತ್ತಿದ್ದ ಈ ಕೆಲಸಕ್ಕೆ ಭದ್ರವಾದ ಗಣಿತವನ್ನು ಒದಗಿಸಿದವರು ಆಸ್ಟ್ರೇಲಿಯಾದ ನೆವಿಲ್ ಥೀಲ್ ಮತ್ತು ಸಿಡ್ನಿ ವಿಶ್ವವಿದ್ಯಾಲಯದ ರಿಚರ್ಡ್ ಸ್ಮಾಲ್. 1961ರಲ್ಲಿ ಥೀಲ್ ಬರೆದ ಪ್ರಬಂಧ, 1970ರ ದಶಕದಲ್ಲಿ ಸ್ಮಾಲ್ ಬರೆದ ಪ್ರಬಂಧಗಳು ಇವತ್ತಿನ ಪ್ರತಿಯೊಂದು ವಿನ್ಯಾಸ ತಂತ್ರಾಂಶದ ಒಳಗೂ ಇವೆ. ಡ್ರೈವರಿನ ಜೊತೆ ಬರುವ ಚೀಟಿಯಲ್ಲಿ ಎಫ್‌ಎಸ್ (ಡ್ರೈವರ್ ತಾನಾಗಿ ತೂಗಾಡುವ ಆವೃತ್ತಿ), ಕ್ಯೂಟಿಎಸ್ (ಆ ತೂಗಾಟ ಎಷ್ಟು ಬೇಗ ಅಡಗುತ್ತದೆಂಬುದರ ಅಳತೆ), ವಿಎಎಸ್ (ಕೋನಿನ ಆಸರೆಯಷ್ಟೇ ಬಿಗಿತವಿರುವ ಗಾಳಿಯ ಗಾತ್ರ) ಎಂಬ ಮೂರು ಅಂಕಿಗಳಿರುತ್ತವೆಯಲ್ಲ, ಅವು ಇವರಿಬ್ಬರ ಕೊಡುಗೆ. ಕ್ಯೂಟಿಎಸ್ ಸುಮಾರು 0.4 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆ ಡ್ರೈವರ್ ಕೊಳವೆಯ ಪೆಟ್ಟಿಗೆಗೆ ಒಗ್ಗುತ್ತದೆ. ಹೆಚ್ಚಿದ್ದರೆ ಮುಚ್ಚಿದ ಪೆಟ್ಟಿಗೆಯೇ ಲೇಸು.

ಈಗ ಮುಖ್ಯ ವಿಷಯಕ್ಕೆ ಬರೋಣ. ಪೆಟ್ಟಿಗೆಯೊಳಗಿನ ಗಾಳಿ ಒಂದು ಸ್ಪ್ರಿಂಗು. ಕೊಳವೆಯೊಳಗಿನ ಗಾಳಿ ಆ ಸ್ಪ್ರಿಂಗಿಗೆ ಕಟ್ಟಿದ ತೂಕ. ಸ್ಪ್ರಿಂಗಿನ ಬಿಗಿತವನ್ನು ಪೆಟ್ಟಿಗೆಯ ಗಾತ್ರ ನಿರ್ಧರಿಸುತ್ತದೆ, ತೂಕವನ್ನು ಕೊಳವೆ ನಿರ್ಧರಿಸುತ್ತದೆ, ಇವೆರಡೂ ಸೇರಿ ಯಾವ ಆವೃತ್ತಿಯಲ್ಲಿ ತೂಗಾಡುತ್ತವೆಯೋ ಅದೇ ಟ್ಯೂನಿಂಗ್. 50 ಲೀಟರಿನ ಪೆಟ್ಟಿಗೆಯನ್ನು 10 ಸೆಂಟಿಮೀಟರ್ ವ್ಯಾಸದ ಕೊಳವೆಯಿಂದ 30 ಹರ್ಟ್ಸ್‌ಗೆ ಟ್ಯೂನ್ ಮಾಡಬೇಕಾದರೆ ಕೊಳವೆಯ ಪರಿಣಾಮಕಾರಿ ಉದ್ದ 52 ಸೆಂಟಿಮೀಟರ್ ಆಗುತ್ತದೆ; ಎರಡೂ ತುದಿಗಳ ಆಚೆಗೆ ಒಂದಿಷ್ಟು ಗಾಳಿ ಕೊಳವೆಯ ಗಾಳಿಯೊಡನೆಯೇ ಓಡಾಡುವುದರಿಂದ, ಅದಕ್ಕಾಗಿ ಸುಮಾರು 7 ಸೆಂಟಿಮೀಟರ್ ಕಳೆದು 45ಕ್ಕೆ ಕತ್ತರಿಸಬೇಕು. ಅಷ್ಟೂ ಉದ್ದದಲ್ಲಿ ಓಡಾಡುವ ಗಾಳಿಯ ತೂಕ ಎಷ್ಟು ಗೊತ್ತೇ? ಐದು ಗ್ರಾಂ ಕೂಡ ಇಲ್ಲ. ಆ ಐದು ಗ್ರಾಂ ಗಾಳಿಯೇ 30 ಹರ್ಟ್ಸ್‌ನಲ್ಲಿ ಕೋನಿನ ಪಾಲಿನ ದುಡಿಮೆಯನ್ನೆಲ್ಲ ತನ್ನ ಮೇಲೆ ಹೊತ್ತುಕೊಳ್ಳುತ್ತದೆ.

ಅಷ್ಟು ಹಗುರಾದ ಗಾಳಿ ಅಷ್ಟು ದುಡಿಯಬೇಕಾದರೆ ವೇಗವಾಗಿ ಓಡಲೇಬೇಕು. ವೇಗ ಸೆಕೆಂಡಿಗೆ ಸುಮಾರು 17 ಮೀಟರ್ ದಾಟದಂತೆ ನೋಡಿಕೊಳ್ಳಿ ಎಂಬುದು ಈ ಕೆಲಸದಲ್ಲಿ ಪಳಗಿದವರ ಮಾತು. ಅದನ್ನು ಮೀರಿದರೆ ಬಾಯಿಯ ಅಂಚಿನಲ್ಲಿ ಸುಳಿಗಳೆದ್ದು ಬುಸುಗುಟ್ಟುತ್ತದೆ. ನನ್ನ 5 ಸೆಂಟಿಮೀಟರ್ ಕೊಳವೆ ಬುಸುಗುಟ್ಟಿದ್ದೂ ಇದೇ ಕಾರಣಕ್ಕೆ. ಹಾಗಾದರೆ ಕೊಳವೆಯನ್ನು ದಪ್ಪ ಮಾಡೋಣವೆಂದು 15 ಸೆಂಟಿಮೀಟರಿಗೆ ಹೋದರೆ, ಅದೇ ಪೆಟ್ಟಿಗೆಗೆ, ಅದೇ 30 ಹರ್ಟ್ಸ್‌ಗೆ, ಉದ್ದ ಒಂದು ಮೀಟರ್ ದಾಟುತ್ತದೆ. ಕೊಳವೆಯೇ ಹದಿನೆಂಟು ಲೀಟರಿನಷ್ಟು ಜಾಗ ತಿನ್ನುತ್ತದೆ. ಜೊತೆಗೆ ಅಷ್ಟುದ್ದದ ಕೊಳವೆ ಕೊಳಲಿನಂತೆ 150 ಹರ್ಟ್ಸ್ ಆಸುಪಾಸಿನಲ್ಲಿ ತನ್ನದೇ ಸ್ವರ ಹೊರಡಿಸುತ್ತದೆ. ಪೆಟ್ಟಿಗೆ ಚಿಕ್ಕದಿರಬೇಕು, ಟ್ಯೂನಿಂಗ್ ಕೆಳಗಿರಬೇಕು, ಕೊಳವೆ ಸದ್ದು ಮಾಡಬಾರದು ಎಂಬ ಮೂರೂ ಆಸೆಗಳು ಒಟ್ಟಿಗೆ ಈಡೇರುವುದಿಲ್ಲ. ಹಲಗೆಗೆ ಗರಗಸ ತಾಗಿಸುವ ಮೊದಲೇ ಇದನ್ನು ಕಾಗದದ ಮೇಲೆ ತೀರ್ಮಾನಿಸಿಕೊಳ್ಳಬೇಕು.

ಪ್ಯಾಸಿವ್ ರೇಡಿಯೇಟರ್ ನೆರವಿಗೆ ಬರುವುದು ಇಲ್ಲಿಯೇ. ಇದು ಬೇರೆ ತತ್ತ್ವವೇನಲ್ಲ. ಗಾಳಿಯ ತೂಕದ ಬದಲು ನಿಜವಾದ ತೂಕ, ಅಷ್ಟೆ. ಅದೇ 50 ಲೀಟರಿಗೆ, ಅದೇ 30 ಹರ್ಟ್ಸ್‌ಗೆ, 25 ಸೆಂಟಿಮೀಟರಿನ ಒಂದು ರೇಡಿಯೇಟರ್ ಕೂರಿಸಿದರೆ, ಅದರ ಅಂಚಿನ ರಬ್ಬರಿನ ಬಿಗಿತವನ್ನು ಲೆಕ್ಕಕ್ಕೆ ಹಿಡಿಯದೆ, ಚಲಿಸುವ ತೂಕ ಸುಮಾರು 87 ಗ್ರಾಂ ಬೇಕು. ಒಂದರ ಬದಲು ಅಂಥವು ಎರಡಿಟ್ಟರೆ ತೂಕ ಹಂಚಿಹೋಗುತ್ತದೆಂದು ಅನೇಕರು ಭಾವಿಸುತ್ತಾರೆ. ಆಗುವುದು ಅದಕ್ಕೆ ತದ್ವಿರುದ್ಧ: ವಿಸ್ತೀರ್ಣ ಇಮ್ಮಡಿಯಾದಾಗ ಗಾಳಿಯ ಸ್ಪ್ರಿಂಗು ನಾಲ್ಕು ಪಟ್ಟು ಬಿಗಿಯಾಗಿ ಕಾಣುವುದರಿಂದ, ಒಟ್ಟು ತೂಕವೂ ನಾಲ್ಕು ಪಟ್ಟಾಗಬೇಕು; ಅದನ್ನು ಎರಡಕ್ಕೆ ಹಂಚಿದರೆ ಒಂದೊಂದಕ್ಕೂ ಸುಮಾರು 173 ಗ್ರಾಂ ಬೇಕಾಗುತ್ತದೆ. ಆದರೂ ನಾನು ಎರಡನ್ನೇ ಆರಿಸುತ್ತೇನೆ. ಡ್ರೈವರ್ ಸರಿಸುವ ಗಾಳಿಯ ಎರಡರಷ್ಟನ್ನಾದರೂ ರೇಡಿಯೇಟರುಗಳು ಸರಿಸಬಲ್ಲವಾಗಿರಬೇಕು, ಇಲ್ಲವಾದರೆ ಜೋರು ಧ್ವನಿಗೆ ಅವು ತುದಿ ಮುಟ್ಟಿ ಬಡಿದುಕೊಳ್ಳುತ್ತವೆ. ಎದುರುಬದುರು ಗೋಡೆಗಳಲ್ಲಿ ಕೂರಿಸಿದರೆ ಅಷ್ಟು ತೂಕದ ಅದಿರಾಟವೂ ಪರಸ್ಪರ ರದ್ದಾಗಿ ಪೆಟ್ಟಿಗೆ ನಡುಗದೆ ನಿಲ್ಲುತ್ತದೆ. ಹೆಚ್ಚಿನ ಖರ್ಚು ನಿಜ. ಜಾಗವಿದ್ದವರು ಕೊಳವೆಯನ್ನೇ ಬಳಸಲಿ. ಅದು ಸವೆಯುವುದಿಲ್ಲ, ಹರಿಯುವುದಿಲ್ಲ.

ಯಾವುದನ್ನು ಆರಿಸಿದರೂ ಒಂದು ಎಚ್ಚರಿಕೆ ತಪ್ಪಬಾರದು. ಟ್ಯೂನಿಂಗಿಗಿಂತ ಕೆಳಗಿನ ಸ್ವರಗಳಲ್ಲಿ ಗಾಳಿಯ ಸ್ಪ್ರಿಂಗು ಕೋನಿಗೆ ಆಸರೆಯಾಗದು. ಕೋನ್ ಹಿಡಿತ ತಪ್ಪಿ ಓಲಾಡುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಆದ್ದರಿಂದ ಆಂಪ್ಲಿಫೈಯರಿನ ಮೊದಲು ಆ ಸ್ವರಗಳನ್ನು ತಡೆಯುವ ಹೈಪಾಸ್ ಫಿಲ್ಟರ್ ಇರಲೇಬೇಕು.

ಕಟ್ಟುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮರದ ನಾರನ್ನು ಒತ್ತಿ ಮಾಡಿದ 18 ಮಿಲಿಮೀಟರ್ ಎಂಡಿಎಫ್ ಹಲಗೆ, ಎದುರು ಗೋಡೆಗಳನ್ನು ಬಿಗಿಯುವ ಅಡ್ಡಪಟ್ಟಿ, ಸೋರದ ಸಂದು. ಲೀಟರಿನ ಲೆಕ್ಕದಲ್ಲಿ ಡ್ರೈವರ್, ಅಡ್ಡಪಟ್ಟಿ, ಕೊಳವೆ ತಿನ್ನುವ ಜಾಗವನ್ನು ಕಳೆಯಲು ಮರೆಯಬಾರದು. ಕೊಳವೆಯ ಒಳತುದಿಗೂ ಎದುರಿನ ಗೋಡೆಗೂ ಕನಿಷ್ಠ ಕೊಳವೆಯ ವ್ಯಾಸದಷ್ಟು ಅಂತರವಿರಲಿ, ಎರಡೂ ಬಾಯಿಗಳ ಅಂಚು ದುಂಡಗಿರಲಿ.

ಕೊನೆಯದಾಗಿ, ಅಂಟು ಒಣಗಿದ ಮೇಲೆ ಮಾಡಬೇಕಾದ ಒಂದು ಪರೀಕ್ಷೆ. ಪೆಟ್ಟಿಗೆಯನ್ನು ಕೋನ್ ಮೇಲ್ಮುಖವಾಗುವಂತೆ ಮಲಗಿಸಿ, ಮೊಬೈಲಿನಿಂದ ಒಂದೇ ಸ್ವರವನ್ನು ಮೆಲ್ಲಗೆ ನುಡಿಸುತ್ತ 45 ಹರ್ಟ್ಸ್‌ನಿಂದ ನಿಧಾನವಾಗಿ ಕೆಳಗಿಳಿಸಿ, ಬೆರಳ ತುದಿಯನ್ನು ಕೋನಿಗೆ ಹಗುರಾಗಿ ತಾಗಿಸಿ ನೋಡಿ. ಗುಡುಗುಡು ಎನ್ನುತ್ತಿದ್ದ ಕೋನ್ ಒಂದು ಹಂತದಲ್ಲಿ ಬಹುತೇಕ ನಿಂತೇಹೋಗುತ್ತದೆ. ಇನ್ನೊಂದು ಕೈಯನ್ನು ಕೊಳವೆಯ ಬಾಯಿಗೆ ಹಿಡಿದರೆ ಅಂಗೈಗೆ ಗಾಳಿ ಬಡಿಯುತ್ತಿರುತ್ತದೆ. ಆ ಆವೃತ್ತಿಯೇ ನಿಮ್ಮ ಪೆಟ್ಟಿಗೆಯ ನಿಜವಾದ ಟ್ಯೂನಿಂಗ್. ಅದು ಬಯಸಿದ್ದಕ್ಕಿಂತ ಕೆಳಗಿದ್ದರೆ ಕೊಳವೆಯನ್ನು ಅರ್ಧರ್ಧ ಸೆಂಟಿಮೀಟರಿನಂತೆ ಕತ್ತರಿಸುತ್ತ ಬನ್ನಿ; ಈ ಕಾರಣಕ್ಕೇ ಕೊಳವೆಯನ್ನು ಮೊದಲು ಒಂದೆರಡು ಸೆಂಟಿಮೀಟರ್ ಉದ್ದವಾಗಿಯೇ ಬಿಟ್ಟಿರಬೇಕು. ರೇಡಿಯೇಟರ್ ಆಗಿದ್ದರೆ ಅದರ ಬೆನ್ನಿನ ಬೋಲ್ಟಿಗೆ ಹಾಕಿದ ವಾಷರುಗಳಲ್ಲಿ ಒಂದನ್ನು ತೆಗೆದು ಮತ್ತೆ ಬೆರಳಿಟ್ಟು ನೋಡಿ.

ನಮಸ್ಕಾರ.