ಕಲ್ಲು ಅದಿರಾಗುವುದು ಯಾವಾಗ?

ವಾಸ್ಕೋದ ಕನ್ನಡ ಬಂಧುಗಳಿಗೆ ನಮಸ್ಕಾರ.

ಮುರಗಾಂವ್ ಬಂದರು ಇಲ್ಲಿಗೆ ಕೂಗಳತೆಯ ದೂರ. ನಮ್ಮ ಹೊಸಪೇಟೆ ಕಡೆಯ ಕಬ್ಬಿಣದ ಅದಿರೂ ರೈಲಿನಲ್ಲಿ ಘಟ್ಟ ಇಳಿದು ಇಲ್ಲೇ ಹಡಗು ಹತ್ತಿದೆ. ಹಾಗಾಗಿ ಜಾಗತಿಕ ಸರಕು ಮಾರುಕಟ್ಟೆ ಎಂಬ ದೊಡ್ಡ ಮಾತನ್ನು ಒಂದು ಸಣ್ಣ ಪ್ರಶ್ನೆಗೆ ಇಳಿಸಿಕೊಳ್ಳುತ್ತೇನೆ: ಗೋವಾದ ಬಿಚೋಲಿ ಗುಡ್ಡದ ಕೆಂಪು ಮಣ್ಣು ಯಾವಾಗ ಅದಿರು, ಯಾವಾಗ ಬರೀ ಮಣ್ಣು? ಭೂವಿಜ್ಞಾನಿ ಅರ್ಧ ಉತ್ತರ ಕೊಡಬಲ್ಲ. ಉಳಿದರ್ಧ ಚೀನಾ ಬಂದರಿನ ದರದಲ್ಲಿದೆ.

ಆ ದರವನ್ನು ಬಹುಕಾಲ ಹೇಳಿದ್ದು ಶೇ 62 ಕಬ್ಬಿಣವಿರುವ, ತೇವ ಕಳೆದ ಒಂದು ಟನ್‌ಗೆ. ಗೋವಾದ ಅದಿರು ಹೆಚ್ಚಾಗಿ ಶೇ 58ರ ಒಳಗಿನದು, ಅದೂ ಬಹುಪಾಲು ಪುಡಿ, ಅಂದರೆ ಫೈನ್ಸ್. ಉದಾಹರಣೆಗೆ ಶೇ 56ರ ಸಾವಿರ ಕಿಲೋ ಅದಿರಿನಲ್ಲಿ ಶೇ 8 ನೀರಿದ್ದರೆ ಒಣ ತೂಕ 920 ಕಿಲೋ, ಕಬ್ಬಿಣ ಸುಮಾರು 515 ಕಿಲೋ. ಹಡಗಿನ ಬಾಡಿಗೆ ಮಾತ್ರ ಸಾವಿರ ಕಿಲೋಗೂ ಕಟ್ಟಬೇಕು. ಅದಿರಲ್ಲಿ ಬೆರೆತ ಬೇಡದ ಸಿಲಿಕಾ, ಅಲ್ಯೂಮಿನಾ ಮಿತಿ ಮೀರಿದರೆ ದರದಲ್ಲಿ ಅದಕ್ಕೂ ಕಡಿತ. ಆದ್ದರಿಂದ ದರ ಬಿದ್ದಾಗ ಮೊದಲು ನೆಲಕಚ್ಚುವುದು ಕಡಿಮೆ ದರ್ಜೆಯ ಮಾಲು. ದರ ಏರಿದಾಗ ನಿನ್ನೆಯವರೆಗೂ ಕಸವಾಗಿದ್ದ ರಾಶಿಗೂ ಗಿರಾಕಿ ಬರುತ್ತಾನೆ.

ನೀರಿನ ವಿಷಯದಲ್ಲಿ ಇನ್ನೊಂದು ಮಾತು. ಹಸಿ ಪುಡಿ ಹಡಗಿನ ಕುಲುಕಾಟಕ್ಕೆ ಕೆಸರಿನಂತೆ ಹರಿಯತೊಡಗುತ್ತದೆ, ಒಂದು ಮಗ್ಗುಲಿಗೆ ಜಾರುತ್ತದೆ, ಹಡಗು ವಾಲುತ್ತದೆ. 2009ರ ಜುಲೈನಲ್ಲಿ ‘ಏಷ್ಯನ್ ಫಾರೆಸ್ಟ್’ ಎಂಬ ಅದಿರು ಹಡಗು ಮಂಗಳೂರಿನ ಆಚೆ ಮುಳುಗಿತು. ಮಳೆಗಾಲದಲ್ಲಿ ಪುಡಿ ಅದಿರು ತುಂಬಲು ತೇವದ ಪ್ರಮಾಣಪತ್ರ ಕೇಳುವುದು ಇದಕ್ಕೇ.

ಮೊದಲು ಉಕ್ಕಿನ ಕಾರ್ಖಾನೆಗಳು ವರ್ಷಕ್ಕೊಮ್ಮೆ ದರ ಕುದುರಿಸುತ್ತಿದ್ದವು. 2010ರಲ್ಲಿ ಆ ಪದ್ಧತಿ ಮುರಿದು ದಿನದ ದರದ ಕಾಲ ಬಂತು. 2011ರ ಆರಂಭದಲ್ಲಿ ಟನ್‌ಗೆ ಸುಮಾರು 190 ಡಾಲರ್. 2015ರ ಡಿಸೆಂಬರ್‌ನಲ್ಲಿ 40ಕ್ಕೂ ಕೆಳಗೆ. ಗುಡ್ಡ ಅದೇ, ಮಣ್ಣೂ ಅದೇ. ಅದಿರು ಎನ್ನಲು ಬೇಕಾದ ಕನಿಷ್ಠ ಕಬ್ಬಿಣದ ಮಿತಿಯನ್ನು ಭಾರತೀಯ ಗಣಿ ಬ್ಯೂರೋ 2009ರಲ್ಲಿ ಶೇ 55ರಿಂದ 45ಕ್ಕೆ ಇಳಿಸಿತು. ಒಂದು ಸುತ್ತೋಲೆ ಹೊರಬಿದ್ದು ಗಣಿ ಪಕ್ಕ ಕಸವೆಂದು ಸುರಿದಿದ್ದ ಹಳೇ ಡಂಪುಗಳೆಲ್ಲ ಮಾರುವ ದಾಸ್ತಾನಾದವು! 2010-11ರಲ್ಲಿ ಗೋವಾದಿಂದ ಹೊರಟ ಅದಿರು 4.5 ಕೋಟಿ ಟನ್ ಮೀರಿತ್ತು.

ಒಂದು ಟನ್ ಅದಿರಿಗೆ ಎರಡೂವರೆ ಮೂರು ಟನ್ ಮೇಲ್ಮಣ್ಣು ಕಡಿದು ಪಕ್ಕಕ್ಕೆ ಸುರಿಯಬೇಕು. ಜಾಗ ಸಾಲದೆ ರಾಶಿ ಕಡಿದಾಗಿ ಏರುತ್ತದೆ. ಸರಿಯಾಗಿ ಮಾಡುವವರು ಅದನ್ನು ಮೆಟ್ಟಿಲಾಗಿ ಕಟ್ಟಿ, ಬುಡಕ್ಕೆ ಕಲ್ಲಿನ ಗೋಡೆ ಹಾಕಿ, ಸುತ್ತ ಕಾಲುವೆ ತೋಡಿ, ನೀರನ್ನು ಹೂಳುಗುಂಡಿಗೆ ತಿರುಗಿಸುತ್ತಾರೆ. ಕೈಕೊಡುವುದು ಗುಂಡಿಯಲ್ಲಿ. ಹೋದ ವರ್ಷದ ಹೂಳು ತೆಗೆಯದೇ ಬಿಟ್ಟರೆ ಜೂನ್‌ನ ಮೊದಲ ಜಡಿಮಳೆಗೇ ಅದು ತುಂಬಿ, ಕೆಂಪುನೀರು ನೇರ ಗದ್ದೆಗೆ ಇಳಿಯುತ್ತದೆ. ಆ ಹೂಳು ಬಲು ನಯ. ಒಣಗಿದರೆ ಹೊಲಕ್ಕೆ ಹೆಪ್ಪು ಕಟ್ಟಿದಂತಾಗಿ ನೀರೂ ಇಂಗದು, ಬೇರೂ ಉಸಿರಾಡದು. ಡಂಪಿನ ಮೇಲೆ ಅಕೇಶಿಯಾ ನೆಟ್ಟರೆ ದೂರಕ್ಕೆ ಹಸಿರು ಕಾಣುತ್ತದೆ. ಕಾಡು ಮರಳಿ ಬಂತೆಂದು ಫೋಟೋದಲ್ಲಷ್ಟೇ ಹೇಳಬಹುದು.

ಬಾವಿಗಳ ಕಥೆ ಇನ್ನೂ ಆಳದ್ದು. ಗುಡ್ಡದ ನೆತ್ತಿಯ ಜಂಬಿಟ್ಟಿಗೆ, ಅಂದರೆ ತೂತುತೂತಾದ ಕೆಂಪು ಕಲ್ಲಿನ ಪದರ ಮಳೆನೀರು ಹೀರಿ ಬೇಸಿಗೆಗೆ ಮೆಲ್ಲನೆ ಬಿಟ್ಟುಕೊಡುತ್ತದೆ. ಗಣಿ ಮೊದಲು ಕಡಿಯುವುದು ಅದನ್ನೇ. ಆಮೇಲೆ ಹೊಂಡ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದರೆ ನೀರನ್ನು ಹಗಲೂರಾತ್ರಿ ಪಂಪ್ ಮಾಡಬೇಕು. ಸುತ್ತಲ ಬಾವಿಗಳ ನೀರು ಹೊಂಡದ ಕಡೆ ಜಾರುತ್ತದೆ. ಕಂಪನಿ ಟ್ಯಾಂಕರ್ ಕಳಿಸುತ್ತದೆ. ಗಣಿ ನಿಂತ ದಿನ ಟ್ಯಾಂಕರೂ ನಿಲ್ಲುತ್ತದೆ.

ಇನ್ನು ದುಡಿಮೆ. ದರ ಏರಿದ ವರ್ಷಗಳಲ್ಲಿ ಬೇಸಾಯ ಬಿಟ್ಟು ಸಾಲದ ಟಿಪ್ಪರ್ ಕೊಂಡವರು ಊರೂರಲ್ಲಿ. ಗಣಿಯಿಂದ ನದಿದಂಡೆಯ ಜೆಟ್ಟಿಗೆ, ಅಲ್ಲಿಂದ ಬಾರ್ಜಿನಲ್ಲಿ ಮಾಂಡವಿ, ಜುವಾರಿ ಹಿಡಿದು ಬಂದರಿಗೆ. ಬಾಡಿಗೆ ಟನ್ ಮತ್ತು ಕಿಲೋಮೀಟರ್ ಲೆಕ್ಕದಲ್ಲಿ. ಟ್ರಿಪ್ ಹೆಚ್ಚಿದರೆ ಮಾತ್ರ ಕಂತು ಹೊರಡುತ್ತದೆ. ಅದಕ್ಕೇ ಹೆಚ್ಚು ಭಾರ, ಹೆಚ್ಚು ವೇಗ, ಹಳ್ಳಿ ರಸ್ತೆಯಲ್ಲಿ ಧೂಳು. ಚಾಲಕನನ್ನು ಬೈಯುವ ಮೊದಲು ಕಂತಿನ ಪುಸ್ತಕ ನೋಡಬೇಕು.

2012ರ ಸೆಪ್ಟೆಂಬರ್‌ನಲ್ಲಿ ಅಕ್ರಮ ಗಣಿಗಾರಿಕೆಯ ತನಿಖೆ ಮಾಡಿದ ಶಾ ಆಯೋಗದ ವರದಿಯ ಬೆನ್ನಿಗೇ ಗೋವಾದಲ್ಲಿ ಗಣಿ ನಿಂತಿತು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆಗಳ ಅವಧಿ 2007ರಲ್ಲೇ ಮುಗಿದಿತ್ತೆಂದು ಹೇಳಿ ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿತು. 2018ರ ಫೆಬ್ರುವರಿಯಲ್ಲಿ, ಆಮೇಲೆ ರಾಜ್ಯ ಸರ್ಕಾರ ಮಾಡಿದ್ದ 88 ಗುತ್ತಿಗೆಗಳ ನವೀಕರಣವನ್ನೇ ರದ್ದು ಮಾಡಿತು. ಈ ನಡುವೆ ರಫ್ತು ಸುಂಕದ ಏರಿಳಿತ ಬೇರೆ: 2022ರ ಮೇ ತಿಂಗಳಲ್ಲಿ ಶೇ 50, ನವೆಂಬರ್‌ನಲ್ಲಿ ಕಡಿಮೆ ದರ್ಜೆಗೆ ಮತ್ತೆ ಸೊನ್ನೆ. ಆರು ತಿಂಗಳಲ್ಲಿ ಅದಿರು ಮಣ್ಣಾಗಿ ಮತ್ತೆ ಅದಿರಾಯಿತು.

ನನ್ನ ತಕರಾರು ಇಷ್ಟೇ. ದರ ಹೋದಂತೆ ಬರುತ್ತದೆ, ಜಂಬಿಟ್ಟಿಗೆ ಪದರ ಬರುವುದಿಲ್ಲ. ದರಪಟ್ಟಿಯಲ್ಲಿ ಅಲ್ಯೂಮಿನಾಕ್ಕೆ ಕಡಿತವಿದೆ, ಬತ್ತಿದ ಬಾವಿಗೆ ಇಲ್ಲ. ಮಾರಾಟದ ಶೇ 10ನ್ನು ಶಾಶ್ವತ ನಿಧಿಗೆ ಇಡಬೇಕೆಂದು 2014ರ ತೀರ್ಪು ಹೇಳಿತು. ಆ ಲೆಕ್ಕದಲ್ಲಿ ನನಗೆ ಕಂಡ ಒಳ್ಳೆಯ ಅಂಶ ಅದೊಂದೇ. ಈಗ ಹರಾಜಿನ ಹೊಸ ಗುತ್ತಿಗೆಗಳ ಕಾಲ. ಗಣಿ ಪಕ್ಕದ ಊರವರು ಬಾವಿಯ ನೀರಿನ ಮಟ್ಟವನ್ನು ಮೇ ತಿಂಗಳಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ ಹಗ್ಗ ಬಿಟ್ಟು ಅಳೆದು, ತಾರೀಖು ಹಾಕಿ ಬರೆದಿಡಲಿ. ಗಣಿ ಶುರುವಾಗುವ ಮುಂಚಿನ ಎರಡು ವರ್ಷದ ಅಳತೆ ಕೈಯಲ್ಲಿಲ್ಲದಿದ್ದರೆ, ಬಾವಿ ಬತ್ತಿದಾಗ ಬರುವ ಮೊದಲ ಉತ್ತರ ‘ಈ ವರ್ಷ ಮಳೆ ಕಡಿಮೆ’ ಎಂದೇ.