ದೆವ್ವಕ್ಕೆ ಎಂತ ಬೇಕಡ? ಹಳೇ ಕಾಮಿಕ್ಸ್ ರಾಕ್ಷಸರು ಮತ್ತೆ ಎದ್ದು ಬರುವ ಬಗೆ

[ತೆರೆ ಕಪ್ಪು. ದೂರದ ತಮಟೆ ಸದ್ದು, ಮೆಲ್ಲಗೆ ಹತ್ತಿರ ಆಗ್ತದೆ.]

ಹೋಳಿ ಹೊತ್ತಿನ ಶಿರಸಿ. ರಾತ್ರಿ. ತಮಟೆ ಎಲ್ಲೋ ಮುಂದಿನ ಕೇರಿಯಲ್ಲಿ ಬಡೀತಾ ಇರ್ತದೆ, ಹತ್ತಿರ ಬಂದ ಹಾಗೆ ನಮ್ಮ ಎದೆಯೊಳಗೇ ಬಡಿದಂಗೆ ಆಗ್ತದೆ. ತಿರುವಿನಲ್ಲಿ ಮೊದಲು ಕಾಣೋದು ನವಿಲುಗರಿ. ಆಮೇಲೆ ಬಣ್ಣ ಬಳಿದ ಮುಖ, ಕತ್ತಿ, ಗುರಾಣಿ. ಬೇಡರ ವೇಷ.

ನಾನಾಗ ಆರೇಳು ವರ್ಷದವ, ಅಪ್ಪನ ಹೆಗಲ ಮೇಲೆ ಕೂತಿದ್ದೆ. ಕತ್ತಿ ನೋಡಿ ಹೆದರಿಕೆ ಆಗಲಿಲ್ಲ. ಹೆದರಿಕೆ ಆಗಿದ್ದು ಅವನ ಸೊಂಟಕ್ಕೆ ಕಟ್ಟಿದ ಹಗ್ಗ ನೋಡಿ. ಹಿಂದೆ ಇಬ್ಬರು ಆ ಹಗ್ಗ ಹಿಡ್ಕೊಂಡು, ಕಾಲೂರಿ ಜಗ್ಗಿ ನಿಲ್ಲಿಸ್ತಾರೆ. ಹಗ್ಗ ಸಡಿಲ ಇದ್ದಾಗ ಅದು ಕುಣಿತ. ಬಿಗಿ ಆದ ಕ್ಷಣ ಗೊತ್ತಾಗ್ತಿತ್ತು: ಇವನಿಗೆ ಎಲ್ಲಿಗೋ ಹೋಗ್ಬೇಕು, ಏನೋ ಬೇಕು, ಇವರಿಬ್ಬರು ಬಿಟ್ಟರೆ ಹೋಗೇ ಹೋಗ್ತಾನೆ.

ಆ ಹಗ್ಗವನ್ನು ಮನಸ್ಸಲ್ಲಿ ಇಟ್ಕೊಳ್ಳಿ. ಇವತ್ತಿನ ವಿಡಿಯೋ ಹಳೇ ಹಾರರ್ ಕಾಮಿಕ್ಸ್‌ಗಳ ಬಗ್ಗೆ. ಡ್ರಾಕುಲಾ, ತೋಳಮನುಷ್ಯ, ಕೆಸರಿನಿಂದ ಎದ್ದ ಜೀವಿ, ಇಂಥವರನ್ನು ಈಗಿನ ಓದುಗರಿಗೆ ಮತ್ತೆ ತರೋದು ಹೇಗೆ ಅಂತ. ಹೊಸ ಬಣ್ಣ, ಹೆಚ್ಚು ರಕ್ತ, ಉದ್ದ ಹಲ್ಲು, ಇದೆಲ್ಲ ಮಾಡಿ ನೋಡಿದವರು ತುಂಬಾ ಜನ. ಅದರಲ್ಲಿ ನಾನೂ ಒಬ್ಬ.

[ಸ್ಕೆಚ್ ಪುಸ್ತಕದ ಹಾಳೆಗಳು. ಗದ್ದೆ ಬದುವಿನ ಮೇಲೆ ಬೆಂಕಿಯ ಉಂಡೆ.]

ಇದು ನಾನು ಬಿಡಿಸಿದ ಮೊದಲ ಕಾಮಿಕ್ಸ್. 12 ಪುಟ, ಕೊಳ್ಳಿದೆವ್ವದ ಕಥೆ. ರಾತ್ರಿ ಗದ್ದೆಯಲ್ಲಿ ಬೆಳಕು ಕಾಣ್ತದೆ, ಹಿಂಬಾಲಿಸಿದವ ಸಾಯ್ತಾನೆ. ಮತ್ತೊಬ್ಬ ಬರ್ತಾನೆ, ಅವನೂ ಸಾಯ್ತಾನೆ. ಚಿತ್ರಕ್ಕೆ ಮೂರು ತಿಂಗಳು ಕೂತಿದ್ದೆ. ಮುಗಿಸಿ ನಮ್ಮ ದೊಡ್ಡಾಯಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು, ಬೆರಳಿಟ್ಟು, ಒಂದೊಂದೇ ಪ್ಯಾನೆಲ್ ನೋಡಿದಳು. ಕೊನೇ ಪುಟ ಮಗುಚಿ ಕೇಳಿದಳು:

“ಅಲ್ದಾ ತಮಾ, ಇದಕ್ಕೆ ಎಂತ ಬೇಕಡ? ಸುಮ್ಮಂಗೆ ಎಂತಕ್ಕೆ ಬತ್ತು ಅದು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ದೊಡ್ಡಾಯಿಯ ಲೆಕ್ಕದಲ್ಲಿ ಅದು ತೀರಾ ಸಹಜ ಪ್ರಶ್ನೆ. ನಮ್ಮ ಕಡೆಯ ಊರ ದೈವಗಳಲ್ಲಿ ಚೌಡಿಗೆ ಒಂದು ಮರ ಇರ್ತದೆ, ಜಟಗನಿಗೆ ಒಂದು ಕಲ್ಲು ಇರ್ತದೆ. ವರ್ಷಕ್ಕೊಮ್ಮೆ ಕಾಯಿ ಒಡೆದು ಕೊಡಬೇಕಾದ್ದು ಕೊಟ್ಟರೆ ಸುಮ್ಮನೆ ಇರ್ತಾವೆ, ಮರೆತರೆ ನೆನಪು ಮಾಡ್ತಾವೆ. ಜಾಗವೂ ಇಲ್ಲದ, ಬೇಕೂ ಇಲ್ಲದ ದೆವ್ವವನ್ನು ಅವಳು ಕಂಡೇ ಇರಲಿಲ್ಲ.

ಹಳೇ ಕಾಮಿಕ್ಸ್ ರಾಕ್ಷಸರಲ್ಲಿ ಯಾರು ಮತ್ತೆ ಎದ್ದರು, ಯಾರು ಏಳಲಿಲ್ಲ ಅಂತ ನೋಡುವಾಗ ನನಗೆ ದಾರಿ ತೋರಿಸಿದ್ದು ಈ ಪ್ರಶ್ನೆಯೇ.

[ಹಳೇ ಮುದ್ರಣದ ಚುಕ್ಕಿ ಬಣ್ಣದ ಹಿನ್ನೆಲೆ. ಇಸವಿ: 1954.]

ಮೊದಲು ಇವರನ್ನು ಹೂತಿದ್ದು ಹೇಗೆ ಅಂತ ಸ್ವಲ್ಪ ಹೇಳ್ತೇನೆ. 1950ರ ಹೊತ್ತಿಗೆ ಅಮೆರಿಕದಲ್ಲಿ ಇಸಿ ಕಾಮಿಕ್ಸ್ ಅನ್ನೋ ಪ್ರಕಾಶನ ಹಾರರ್ ಕಥೆಗಳ ಪುಸ್ತಕ ಶುರು ಮಾಡ್ತು. ಬೆಲೆ 10 ಸೆಂಟ್. ಅದರ ಪ್ರಕಾಶಕ ವಿಲಿಯಂ ಗೇನ್ಸ್. ಆ ಕಥೆಗಳಲ್ಲಿ ಸತ್ತವರು ಸುಮ್ಮನೆ ಎದ್ದು ಬರ್ತಾ ಇರಲಿಲ್ಲ. ಮೋಸ ಮಾಡಿದ ಗಂಡ, ಆಸ್ತಿಗೆ ಕೊಂದ ತಮ್ಮ, ಇವರ ಮನೆ ಬಾಗಿಲಿಗೇ ಬರ್ತಿದ್ದರು. ದೊಡ್ಡಾಯಿ ಕೇಳಿದ್ದರೆ ಅಲ್ಲಿ ಉತ್ತರ ಸಿಗ್ತಿತ್ತು: ಬಾಕಿ ವಸೂಲಿಗೆ ಬಂದವರು.

ಆದರೆ ಮಕ್ಕಳು ಹಾಳಾಗ್ತಾರೆ ಅನ್ನೋ ಗಲಾಟೆ ಎದ್ದಿತು. ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯ ಕಾಮಿಕ್ಸ್ ವಿರುದ್ಧ ಒಂದು ಪುಸ್ತಕವನ್ನೇ ಬರೆದರು. 1954ರ ಏಪ್ರಿಲ್‌ನಲ್ಲಿ ಸೆನೆಟ್ ಉಪಸಮಿತಿ ವಿಚಾರಣೆ ನಡೆಸ್ತು, ಗೇನ್ಸ್ ಹೋಗಿ ಸಾಕ್ಷಿ ಹೇಳಿದರು. ಅದೇ ವರ್ಷ ಪ್ರಕಾಶಕರೇ ಸೇರಿ ಕಾಮಿಕ್ಸ್ ಕೋಡ್ ಅಂತ ನಿಯಮ ಮಾಡ್ಕೊಂಡರು. ನಡೆದಾಡುವ ಹೆಣ ಬೇಡ, ರಕ್ತ ಕುಡಿಯೋ ವ್ಯಾಂಪೈರ್ ಬೇಡ, ತೋಳಮನುಷ್ಯ ಬೇಡ. ಪುಸ್ತಕದ ಹೆಸರಲ್ಲಿ ‘ಹಾರರ್’ ಅನ್ನೋ ಶಬ್ದವೂ ಬೇಡ. ಕೋಡಿನ ಮುದ್ರೆ ಇಲ್ಲದ ಪುಸ್ತಕವನ್ನು ಅಂಗಡಿಗೆ ತಲುಪಿಸುವವರೇ ಇಲ್ಲ. ಇಸಿಯ ಹಾರರ್ ಪುಸ್ತಕಗಳು ನಿಂತೇ ಹೋದವು.

1971ರಲ್ಲಿ ಕೋಡ್ ಸಡಿಲ ಆಯ್ತು. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್ ತರದ ಒಳ್ಳೆಯ ಸಾಹಿತ್ಯದ ದಾರಿಯಲ್ಲಿ ಬಂದರೆ ವ್ಯಾಂಪೈರ್, ತೋಳಮನುಷ್ಯ ಬರಬಹುದು ಅಂದರು. ಝೋಂಬಿಗೆ, ಅಂದರೆ ನಡೆದಾಡುವ ಹೆಣಕ್ಕೆ, ಅಂಥ ದೊಡ್ಡ ಕಾದಂಬರಿಯ ಮನೆತನ ಇಲ್ಲವಲ್ಲ, ಅದು ಹೊರಗೇ ಉಳೀತು. ಆಗ ಮಾರ್ವೆಲ್‌ನವರು ಅದೇ ಜೀವಿಗೆ ‘ಝುವೆಂಬಿ’ ಅಂತ ಹೆಸರಿಟ್ಟು ಒಳಗೆ ಕರ್ಕೊಂಡರು.

1972ರಲ್ಲಿ ಮಾರ್ವೆಲ್ ಡ್ರಾಕುಲಾನನ್ನು ತಂತು. ಜೀನ್ ಕೋಲನ್ ಎಲ್ಲ 70 ಸಂಚಿಕೆಗಳ ಚಿತ್ರ ಬರೆದರು. ಹೊಗೆ ಹೆಪ್ಪುಗಟ್ಟಿದಂಥ ನೆರಳು ಅವರದು. ಏಳನೇ ಸಂಚಿಕೆಯಿಂದ ಕೊನೇ ತನಕ ಕಥೆ ಮಾರ್ವ್ ವುಲ್ಫ್‌ಮನ್ ಅವರದು. ಅವರ ಡ್ರಾಕುಲಾನನ್ನು ಬೇಟೆ ಆಡುವವರು ದಾರಿಹೋಕರಲ್ಲ. ಹಳೇ ಕಥೆಯಲ್ಲಿ ಅವನ ಜೊತೆ ಹೋರಾಡಿದ ಮನೆತನದ ಕುಡಿಗಳು, ಜೊತೆಗೆ ಅವನದೇ ವಂಶದ ಒಬ್ಬ. 1973ರಲ್ಲಿ ಅಲ್ಲೇ ಬ್ಲೇಡ್ ಅನ್ನೋ ಪಾತ್ರ ಹುಟ್ಟಿತು, ತಾಯಿಯ ಸಾವಿನ ಲೆಕ್ಕ ಹಿಡ್ಕೊಂಡು ಬಂದವ. ದ್ವೇಷಕ್ಕೆ ಮನೆ, ವಿಳಾಸ, ತಲೆಮಾರು ಎಲ್ಲ ಇತ್ತು. 1979ರ ತನಕ ಆ ಸರಣಿ ನಡೆದದ್ದು ಅದಕ್ಕೇ ಅಂತ ನನ್ನ ನಂಬಿಕೆ.

[ನಿಧಾನಕ್ಕೆ ಕೆಸರು ನೀರು. ಹಸಿರು.]

ಈಗ ನನಗೆ ಅತೀ ಪ್ರಿಯವಾದ ಒಂದು ರಾಕ್ಷಸನ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸ್ವಾಂಪ್ ಥಿಂಗ್, ಅಂದರೆ ಜೌಗಿನ ಜೀವಿ. 1971ರಲ್ಲಿ ಲೆನ್ ವೈನ್ ಬರೆದು, ಬರ್ನಿ ರೈಟ್‌ಸನ್ ಚಿತ್ರ ಮಾಡಿದ ಒಂದು ಸಣ್ಣ ಕಥೆಯಾಗಿ ಡಿಸಿ ಕಾಮಿಕ್ಸ್‌ನಲ್ಲಿ ಬಂತು. ಮರುವರ್ಷ ಅದಕ್ಕೇ ಸ್ವಂತ ಸರಣಿ ಸಿಕ್ತು. ಅಲೆಕ್ ಹಾಲೆಂಡ್ ಅನ್ನೋ ವಿಜ್ಞಾನಿ, ಲೂಸಿಯಾನಾದ ಜೌಗಿನಲ್ಲಿ ಪ್ರಯೋಗಶಾಲೆ, ಬಾಂಬು ಸಿಡಿದು ಮೈಗೆ ಬೆಂಕಿ. ಉರಿಯುತ್ತಲೇ ಓಡಿ ಕೆಸರಿಗೆ ಬೀಳ್ತಾನೆ. ಏಳುವಾಗ ಮೈಯೆಲ್ಲ ಬಳ್ಳಿ, ಪಾಚಿ, ಬೇರು. ಅವನಿಗೆ ಬೇಕಾಗಿದ್ದು ಒಂದೇ, ಮತ್ತೆ ಮನುಷ್ಯ ಆಗೋದು.

ಒಳ್ಳೇ ಬೇಕೇ ಅದು. ಆದರೆ ಅದರಲ್ಲಿ ಒಂದು ತೊಡಕು ಇದೆ. ಅವನು ಮನುಷ್ಯ ಆದರೆ ಪುಸ್ತಕ ಮುಗೀತು. ಹಾಗಾಗಿ ಪ್ರತಿ ತಿಂಗಳೂ ಕೈಗೆ ಬಂದ ತುತ್ತು ಬಾಯಿಗೆ ಬರಬಾರದು. ಓದುಗನಿಗೆ ಇದು ಎಷ್ಟು ದಿನ ಗೊತ್ತಾಗದೇ ಇರ್ತದೆ? ಮೊದಲ ಸರಣಿ 24 ಸಂಚಿಕೆಗೆ, 1976ರಲ್ಲಿ ನಿಂತಿತು. 1982ರಲ್ಲಿ ಮತ್ತೆ ಶುರು ಮಾಡಿದರು, ಅದೂ ಕುಂಟ್ತಾ ಇತ್ತು.

ಆಗ ಇಂಗ್ಲೆಂಡಿನ ಅಲನ್ ಮೂರ್ ಕೈಗೆ ಕೊಟ್ಟರು. 1984ರ ಶುರುವಿನಲ್ಲಿ ಬಂದ 21ನೇ ಸಂಚಿಕೆ. ಚಿತ್ರ ಸ್ಟೀವ್ ಬಿಸೆಟ್, ಜಾನ್ ಟೋಟಲ್‌ಬೆನ್ ಅವರದು. ಜೀವಿ ಗುಂಡೇಟಿಗೆ ಸತ್ತಿದೆ, ಹೆಣವನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ. ಒಬ್ಬ ಸಸ್ಯವಿಜ್ಞಾನಿಯನ್ನು ಕರೆಸಿ, ಕೊಯ್ದು ನೋಡು ಅಂತಾರೆ. ಅವನು ಕೊಯ್ತಾನೆ. ಒಳಗೆ ಶ್ವಾಸಕೋಶದ ಆಕಾರ ಇದೆ, ಆದರೆ ಅದು ಉಸಿರಾಡುವಂಥದ್ದಲ್ಲ. ಮೆದುಳಿನ ಆಕಾರ ಇದೆ, ಅದು ಯೋಚನೆ ಮಾಡುವಂಥದ್ದಲ್ಲ. ಬರೀ ನಾರು, ಸೊಪ್ಪು. ಮನುಷ್ಯ ಗಿಡ ಆಗಿದ್ದೇ ಅಲ್ಲ. ಅಲೆಕ್ ಹಾಲೆಂಡ್ ಆ ರಾತ್ರಿಯೇ ಸತ್ತ. ಅವನ ದೇಹವನ್ನು ತಿಂದ ಜೌಗಿನ ಗಿಡಗಳು ಅವನ ನೆನಪನ್ನೂ ಹೀರಿಕೊಂಡು, ತಾವೇ ಅಲೆಕ್ ಹಾಲೆಂಡ್ ಅಂತ ನಂಬಿದವು.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಹೊರಗೆ ಜಗಲಿಗೆ ಬಂದು ಕೂತಿದ್ದೆ. ಒಂದು ಗೆರೆಯನ್ನೂ ಅವರು ಅಳಿಸಿಲ್ಲ ನೋಡಿ. ಅದೇ ಪಾಚಿ, ಅದೇ ಕೆಂಪು ಕಣ್ಣು, ಹಳೇ ಸಂಚಿಕೆಗಳಲ್ಲಿ ನಡೆದದ್ದೆಲ್ಲ ನಡೆದದ್ದೇ. ಆದರೆ ಮನುಷ್ಯ ಆಗಬೇಕು ಅನ್ನೋ ಬೇಕು ಒಂದೇ ಏಟಿಗೆ ಸುಳ್ಳಾಯ್ತು. ಮರಳಿ ಹೋಗಲಿಕ್ಕೆ ಅಲ್ಲಿ ಮನೆಯೇ ಇಲ್ಲ. ಹಾಗಾದರೆ ನಾನು ಯಾರು, ನನಗೆ ಏನು ಬೇಕು ಅಂತ ಆ ಜೀವಿಯೇ ಕೇಳ್ಕೊಳ್ಳೋ ಹಾಗಾಯ್ತು. ಅದೇ ವರ್ಷ 29ನೇ ಸಂಚಿಕೆ ಕೋಡಿನ ಮುದ್ರೆ ಇಲ್ಲದೇ ಹೊರಬಂತು, ಆದರೂ ಓದುಗರು ಬಿಡಲಿಲ್ಲ. 2011ರಲ್ಲಿ ಉಳಿದ ಪ್ರಕಾಶಕರೂ ಕೋಡ್ ಕೈಬಿಟ್ಟರು. 2024ರಲ್ಲಿ ಇಸಿ ಹೆಸರಲ್ಲಿ ಮತ್ತೆ ಹೊಸ ಕಾಮಿಕ್ಸ್ ಬರಲಿಕ್ಕೆ ಶುರು ಆಯ್ತು.

[ಯಕ್ಷಗಾನದ ಚೌಕಿ. ಕನ್ನಡಿ, ಬಣ್ಣದ ಬಟ್ಟಲು, ದೀಪ.]

ಇನ್ನೊಂದು ವಿಷಯ, ತೋರಿಸುವ ಕಲೆ. ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ನೋಡಿದವರಿಗೆ ಇದು ಬೇಗ ಅರ್ಥ ಆಗ್ತದೆ. ಚೌಕಿಯಲ್ಲಿ ಕನ್ನಡಿ ಎದುರು ಕೂತು ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಮುಖದ ಮೇಲೆ ಸಾಲಾಗಿ ಇಡ್ತಾ ಹೋಗ್ತಾರೆ. ಗಂಟೆಗಟ್ಟಲೆ ಕೆಲಸ. ಇಷ್ಟು ಕಷ್ಟಪಟ್ಟ ಮುಖವನ್ನು ರಂಗಕ್ಕೆ ಬಂದ ಕೂಡಲೇ ತೋರಿಸ್ತಾರಾ? ಇಲ್ಲ. ಅಡ್ಡ ತೆರೆ ಹಿಡೀತಾರೆ. ಮೊದಲು ಆರ್ಭಟ ಕೇಳ್ತದೆ, ಮೇಲಿಂದ ಕಿರೀಟದ ತುದಿ ಕಾಣ್ತದೆ, ತೆರೆ ಅಲ್ಲಾಡ್ತದೆ. ಅಷ್ಟರಲ್ಲಿ ಮುಂದೆ ಕೂತ ಮಕ್ಕಳು ಎದ್ದು ಅಮ್ಮನ ಹತ್ತಿರ ಓಡಿ ಆಗಿರ್ತದೆ.

ಕಾಮಿಕ್ಸ್‌ನಲ್ಲಿ ಆ ತೆರೆ ಅಂದರೆ ಪುಟ. ಬಲಪುಟದ ಕೊನೇ ಪ್ಯಾನೆಲ್‌ನಲ್ಲಿ ಬಾಗಿಲ ಚಿಲಕ, ಪುಟ ಮಗುಚಿದರೆ ಎಡಗಡೆ ರಾಕ್ಷಸ. ಹಳಬರು ಇಡೀ ಕಥೆಯನ್ನು ಆ ಮಗುಚುವಿಕೆಗೆ ಕೂಡಿಸಿ ಬರೀತಿದ್ದರು. ಈಗ ಓದೋದು ಫೋನಿನಲ್ಲಿ. ಹಳೇ ಪುಟವನ್ನು ಹಾಗೇ ಸ್ಕ್ಯಾನ್ ಮಾಡಿ ಹಾಕಿದರೆ ಚಿಲಕ, ರಾಕ್ಷಸ ಎರಡೂ ಒಟ್ಟಿಗೇ ಕಂಡುಬಿಡ್ತಾವೆ, ಹೆದರಿಕೆ ಅಲ್ಲೇ ಸತ್ತಿತು. ಮೇಲಿಂದ ಕೆಳಗೆ ಉದ್ದಕ್ಕೆ ಓದುವ ಕೊರಿಯಾದ ವೆಬ್‌ಟೂನ್‌ಗಳು ಇದಕ್ಕೆ ದಾರಿ ಹುಡುಕಿವೆ. ನಡುವೆ ಉದ್ದಕ್ಕೆ ಕಪ್ಪು ಖಾಲಿ ಬಿಡ್ತಾರೆ. ಬೆರಳು ಜಾರಿಸ್ತಾ ಜಾರಿಸ್ತಾ ಏನೂ ಸಿಗೋದಿಲ್ಲ, ಏನೂ ಸಿಗೋದಿಲ್ಲ, ಆಮೇಲೆ ಒಂದು ಕೈ. ತೆರೆ ಹಿಡಿಯೋದು ಅಂದರೆ ಅದೇ.

[ಕಾಡು. ಮರದ ಬುಡದಲ್ಲಿ ಕಪ್ಪು ನೀರು.]

ಹಾಗಾದರೆ ನಮ್ಮ ಜೌಗಿನ ಜೀವಿ ಎಲ್ಲಿದೆ? ಲೂಸಿಯಾನಾಕ್ಕೆ ಹೋಗಬೇಕಾಗಿಲ್ಲ. ಸಿದ್ದಾಪುರ ತಾಲೂಕಿನ ಘಟ್ಟದಂಚಿನಲ್ಲಿ ಕತ್ತಲೆಕಾನು ಇದೆ. ಆ ಹೆಸರನ್ನು ಯಾವ ಕಥೆಗಾರನೂ ಇಟ್ಟಿದ್ದಲ್ಲ, ಅಲ್ಲಿ ಬಿಸಿಲು ಬೀಳದ್ದಕ್ಕೆ ಬಂದದ್ದು. ಅಲ್ಲಿ ರಾಮಪತ್ರೆ ಜಡ್ಡಿ ಇದೆ. ವರ್ಷದ ಬಹುಪಾಲು ನೀರು ನಿಂತ ಕೆಸರಿನಲ್ಲಿ ಬೆಳೆಯೋ ಬಹಳ ಪ್ರಾಚೀನ ಕಾಡು. ನೀರು ತುಂಬಿದ ಮಣ್ಣಲ್ಲಿ ಬೇರಿಗೆ ಗಾಳಿ ಸಿಗೋದಿಲ್ಲ. ಅದಕ್ಕೆ ಆ ಮರಗಳು ಬೇರನ್ನು ಕೆಸರಿನಿಂದ ಮೇಲಕ್ಕೆ ಎತ್ತಿ, ಮಡಚಿ, ಮತ್ತೆ ಕೆಳಗೆ ಇಳಿಸ್ತಾವೆ. ನೋಡಿದರೆ ಕೆಸರಲ್ಲಿ ಯಾರೋ ಅಂಗಾತ ಮಲಗಿ ಮಂಡಿ ಮಾತ್ರ ಮೇಲೆ ಮಾಡಿದ ಹಾಗೆ. ಒಂದಲ್ಲ, ನೂರಾರು ಮಂಡಿ.

ಮೊದಲ ಸಲ ಅಲ್ಲಿ ಹೋಗಿ ನಿಂತಾಗ ನನಗೆ ಆ 21ನೇ ಸಂಚಿಕೆ ನೆನಪಾಯ್ತು. ಅಲ್ಲಿ ಉಸಿರಾಡದ ಶ್ವಾಸಕೋಶ. ಇಲ್ಲಿ ನಿಜವಾಗಿ ಉಸಿರಾಡೋ ಮಂಡಿ.

ನನ್ನ ಹೊಸ ಕಾಮಿಕ್ಸ್ ಇದೇ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ. ಜಡ್ಡಿಯಿಂದ ಎದ್ದ ಜೀವಿಯ ಮೊದಲ ಚಿತ್ರ ಬಿಡಿಸಿದ ದಿನವೇ ದೊಡ್ಡಾಯಿಗೆ ತೋರಿಸಿದೆ. ಈ ಸಲ ಪ್ರಶ್ನೆಗೆ ತಯಾರಾಗಿ ಹೋಗಿದ್ದೆ. ಇದಕ್ಕೆ ಕಾಡು ಉಳಿಸಬೇಕು ದೊಡ್ಡಾಯಿ, ಅಂದೆ. ಅವಳಿಗೆ ಅದು ಪೂರಾ ಹಿಡಿಸಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು, ಕೆಸರಿನ ಮೇಲೆ ಬೆರಳಿಟ್ಟು ಕೇಳಿದಳು:

“ಬ್ಯಾಸಗೆಲಿ ಜಡ್ಡಿ ಒಣಗಿರೆ ಇದು ಎಂತ ಮಾಡ್ತು ತಮಾ?”

ಜಡ್ಡಿಗಳು ಒಣಗಿದ್ದು ಹೇಗೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಗದ್ದೆಗೆ, ಅಡಿಕೆ ತೋಟಕ್ಕೆ ಅಂತ ಆ ನೀರನ್ನು ತಿರುಗಿಸಿದರು, ಜಾಗವನ್ನೂ ತೋಟ ಮಾಡಿದರು. ನಮ್ಮ ಮನೆಯ ಹಿಂದಿನ ತೋಟಕ್ಕೆ ಅಜ್ಜನ ಕಾಲದಿಂದ ನೀರು ಬರೋದೂ ಮೇಲಿನ ಕಾನಿನಿಂದಲೇ. ಅದೇ ನೀರಿನ ಅಡಿಕೆ ಮಾರಿ ನಾನು ಓದಿದೆ, ಈ ಪೆನ್ನು ಕೊಂಡೆ.

ಕಾಡು ಉಳಿಸೋದು ನಾನು ಅದರ ಬಾಯಿಗೆ ತುರುಕಿದ ಮಾತು. ಅದಕ್ಕೆ ಬೇಕಾಗಿದ್ದು ನೀರು. ಮತ್ತೆ ಆ ನೀರು ಯಾರ ಮನೆಯಲ್ಲಿದೆ ಅಂತ ಅದಕ್ಕೆ ಗೊತ್ತು.

ಅವತ್ತು ರಾತ್ರಿ ಮೊದಲ ಪುಟ ಹರಿದು ಹೊಸದಾಗಿ ಬರೆದೆ. ಇದು ನೋಡಿ.

[ಮೂರು ಪ್ಯಾನೆಲ್. ಮಾತಿನ ಗುಳ್ಳೆ ಇಲ್ಲ. ಹಿನ್ನೆಲೆ ಸಂಗೀತ ಇಲ್ಲ, ನೀರಿನ ಸದ್ದು ಮಾತ್ರ.]

ಬೆಳಗಿನ ಅಡಿಕೆ ತೋಟ. ನಡುವೆ ಕಾಲುವೆ, ನೀರು ಹರೀತಾ ಇದೆ.

ಅದೇ ಕಾಲುವೆ. ನೀರು ನಿಂತಿದೆ. ಒಬ್ಬ ಹುಡುಗ ಕೈಯಲ್ಲಿ ಗುದ್ದಲಿ ಹಿಡ್ಕೊಂಡು, ಏನು ಅಡ್ಡ ಬಿದ್ದಿದೆ ಅಂತ ನೋಡಲಿಕ್ಕೆ ಮೇಲಕ್ಕೆ ಹತ್ತಾ ಇದ್ದಾನೆ.

ಕಾಲುವೆಯ ಬಾಯಿ. ನಿನ್ನೆ ತನಕ ಅಲ್ಲಿ ಇಲ್ಲದಿದ್ದ ಒಂದು ಮಂಡಿಬೇರು. ಹಸಿ ಕೆಸರು ಇನ್ನೂ ಇಳೀತಾ ಇದೆ.